ಗೋಡೆ ಹಿಡಿದು ನಡೆದ ಚೂಟಿ

ಸೀತಾಬಾಯಿ ಆಂಟಿ ಕೈಗಡಿಯಾರವನ್ನು ಎಲ್ಲರ ಹಾಗೆ ಕಟ್ಟುವುದಿಲ್ಲ. ಅದರ ಮುಖ ಮಣಿಕಟ್ಟಿನ ಒಳಬದಿಗೆ, ನಾಡಿ ನೋಡುವ ಜಾಗದ ಮೇಲೆ ಇರುತ್ತದೆ. ಹತ್ತೊಂಬತ್ತು ವರ್ಷ ಹ್ಯೂಸ್ಟನ್ನಿನ ಒಂದು ಸಂಶೋಧನಾಲಯದಲ್ಲಿ ಇಲಿಗಳನ್ನು ಕೈಯಲ್ಲಿ ಹಿಡಿದು ಅವುಗಳ ಉಸಿರು ಎಣಿಸಿದವರು ಅವರು. ಗಡಿಯಾರ ನೋಡಲು ಕೈ ತಿರುಗಿಸಿದರೆ ಕೈಯೊಳಗಿನ ಇಲಿ ಗಾಬರಿಯಾಗುತ್ತದೆಂದು ಗಡಿಯಾರವನ್ನೇ ತಿರುಗಿಸಿ ಕಟ್ಟಿಕೊಂಡರಂತೆ. ಕೆಲಸ ಬಿಟ್ಟು ಆರು ವರ್ಷವಾಯಿತು. ಗಡಿಯಾರ ಇನ್ನೂ ಹಾಗೇ ಇದೆ.

ಅವರು ನಮಗೆ ನೆಂಟರಲ್ಲ. ಅವರು ಧಾರವಾಡದವರು, ನಾನು ಮೈಸೂರಿನವಳು. ಅವರಿರುವುದು ಆಸ್ಟಿನ್ ಹತ್ತಿರದ ಜಾರ್ಜ್‌ಟೌನಿನಲ್ಲಿ, ನಾವಿರುವುದು ಡಲ್ಲಾಸಿನ ಈಚೆ ಫ್ಲವರ್ ಮೌಂಡಿನಲ್ಲಿ. ನಡುವೆ ಕಾರಿನಲ್ಲಿ ಮೂರು ಗಂಟೆಯ ದಾರಿ. ಅವರ ಬಗ್ಗೆ ಬರೆಯಬೇಕೆಂದರೆ ನಮ್ಮ ನಾಯಿಯಿಂದಲೇ ಶುರು ಮಾಡಬೇಕು. ಅವರು ನಮ್ಮ ಮನೆಗೆ ಬಂದ ದಿನ ಮನುಷ್ಯರನ್ನು ನೋಡುವ ಮೊದಲು ನೋಡಿದ್ದು ಅದನ್ನೇ.

ಚೂಟಿ ಎಂದು ಹೆಸರಿಟ್ಟಿದ್ದು ನಾನು. ದನ ಕಾಯುವ ತಳಿಯ ಮಿಶ್ರಣ, ಎರಡು ವರ್ಷ ವಯಸ್ಸು, ಒಂದು ಕಿವಿ ಕಪ್ಪು, ಒಂದು ಬೂದು. ಅನಾಥ ಪ್ರಾಣಿಗಳ ಆಶ್ರಯದಿಂದ ತಂದಾಗ ಮನೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಬಾಣದ ಹಾಗೆ ಓಡುತ್ತಿತ್ತು, ಬಂದವರ ಎದೆಗೇ ಕಾಲಿಡುತ್ತಿತ್ತು. ನನ್ನ ಮಗಳು ಇಂಚರಾಗೆ ಮೂರು ವರ್ಷ. ಅವಳ ಪಾಲಿಗೆ ಅದು ಬಾಲವಿರುವ ಅಣ್ಣ.

ಏಪ್ರಿಲ್ ಕೊನೆಗೆ ನನ್ನ ಅತ್ತೆ ಇಂದುಮತಿ ಆರು ತಿಂಗಳಿಗೆಂದು ಬಂದರು. ಅತ್ತೆಗೆ ಬೆಳಿಗ್ಗೆ ಸ್ನಾನದಿಂದ ಹಿಡಿದು ಪೂಜೆ, ಅಡುಗೆ, ನೈವೇದ್ಯ ಮುಗಿಯುವವರೆಗೆ ಮಡಿ. ಯಾರೂ ಮುಟ್ಟುವಂತಿಲ್ಲ, ನಾಯಿಯಂತೂ ಇಲ್ಲವೇ ಇಲ್ಲ. ಹಾಗೆಂದು ಅವರಿಗೆ ಚೂಟಿಯ ಮೇಲೆ ದ್ವೇಷವೇನೂ ಇರಲಿಲ್ಲ. ದೂರದಲ್ಲೇ ನಿಂತು ತಿಂಡಿ ಆಯಿತೇನೋ ಎಂದು ವಿಚಾರಿಸುತ್ತಿದ್ದರು. ಆದರೆ ದೇವರ ಕೋಣೆಗೂ ಅಡುಗೆಮನೆಗೂ ನಡುವೆ ಇರುವುದು ನಮ್ಮ ಹಾಲ್. ತಂಬಿಗೆ ಹಿಡಿದು ಅದನ್ನು ದಾಟುವಷ್ಟರಲ್ಲಿ ಚೂಟಿ ಹಾರಿ ಬಂದು ಸೀರೆ ಮುಟ್ಟಿದರೆ ಮತ್ತೆ ಸ್ನಾನ. ಮೊದಲ ವಾರದಲ್ಲಿ ಒಂದೇ ದಿನ ಮೂರು ಸಲ ಸ್ನಾನವಾದಾಗ ನನ್ನ ಗಂಡ ನಿಶ್ಚಲ್ ಒಂದು ಟ್ರೆಡ್‌ಮಿಲ್ ತಂದು ಖಾಲಿ ರೂಮಿನಲ್ಲಿ ಹಾಕಿದ. ಟೆಕ್ಸಸ್ ಬೇಸಿಗೆಯಲ್ಲಿ ಹೊರಗೆ ಓಡಿಸಿದರೆ ಕಾಂಕ್ರೀಟಿಗೆ ನಾಯಿಯ ಪಾದ ಸುಡುತ್ತದೆ. ಒಳಗೆ ಎಸಿಯಲ್ಲಿ ಓಡಲಿ, ಸುಸ್ತಾಗಿ ಮಲಗಲಿ, ಅಮ್ಮನ ಪೂಜೆ ಆರಾಮವಾಗಿ ಮುಗಿಯಲಿ ಎಂದು ಅವನ ಲೆಕ್ಕ. ನನಗೂ ಅದು ಜಾಣತನವೆಂದೇ ಅನಿಸಿತು.

ಮೊದಲು ಬೆಳಿಗ್ಗೆ ಇಪ್ಪತ್ತು ನಿಮಿಷ. ಆಮೇಲೆ ನಲವತ್ತು. ಸಂಜೆ ಅತ್ತೆ ದೀಪ ಹಚ್ಚುವ ಮುಂಚೆ ಇನ್ನೊಂದು ನಲವತ್ತು. ಮನೆಗೆ ಯಾರಾದರೂ ಬರುವ ದಿನ ಮಧ್ಯಾಹ್ನವೂ ಒಂದು ಸಲ. ನಿಶ್ಚಲ್ ಫೋನಿನಲ್ಲಿ ಅದಕ್ಕೊಂದು ಗ್ರಾಫ್ ಮಾಡಿಕೊಂಡಿದ್ದ, ಗೆರೆ ವಾರವಾರವೂ ಮೇಲೇರುತ್ತಿತ್ತು. ಮೂರನೇ ವಾರಕ್ಕೆ ನಾವು ಕರೆಯುವ ಮೊದಲೇ ಚೂಟಿ ತಾನಾಗಿ ಹೋಗಿ ಬೆಲ್ಟಿನ ಮೇಲೆ ನಿಂತಿರುತ್ತಿತ್ತು. ಅದಕ್ಕೆ ಓಟವೆಂದರೆ ಪ್ರಾಣ ಎಂದುಕೊಂಡೆವು.

ಜೂನ್ ಬರುವಷ್ಟರಲ್ಲಿ ಚೂಟಿ ಬದಲಾಗಿತ್ತು. ಹಾರುವುದಿಲ್ಲ, ಬೊಗಳುವುದಿಲ್ಲ. ಹಾಲಿಗೆ ಬಂದರೆ ನಡುವೆ ಕಾಲಿಡದೆ, ಗೋಡೆಗೆ ಮೈ ತಾಗಿಸಿಕೊಂಡು, ಸೋಫಾದ ಹಿಂದಿನಿಂದ ಸುತ್ತು ಹಾಕಿ ತನ್ನ ಮೂಲೆಗೆ ಹೋಗುತ್ತಿತ್ತು. ಎದುರಿಗೆ ಯಾರಾದರೂ ಬಂದರೆ ಅಲ್ಲೇ ನಿಂತು ದಾರಿ ಬಿಡುತ್ತಿತ್ತು. ಮೊದಲು ಗಮನಿಸಿದವರು ಅತ್ತೆ.

“ನೋಡೇ ಪ್ರಗತಿ, ಇದಕ್ಕೂ ಮಡಿ ಗೊತ್ತಾಗ್ಬಿಟ್ಟಿದೆ. ಹೇಗೆ ಓರೆಯಾಗಿ ಹೋಗುತ್ತೆ ನೋಡು, ಪಾಪ” ಎಂದರು. ಆ ಸಂತೋಷಕ್ಕೆ ಅಂದು ಚೂಟಿಯ ಬಟ್ಟಲಿಗೆ ತುಪ್ಪ ಬಿತ್ತು. ಚೂಟಿ ಅದನ್ನು ಮುಟ್ಟಲಿಲ್ಲ. ಏಕಾದಶಿ ಕಣೋ ಇವತ್ತು, ಅದಕ್ಕೇ ತಿಂತಿಲ್ಲ ಎಂದು ನಾನೇ ನಿಶ್ಚಲ್‌ಗೆ ತಮಾಷೆ ಮಾಡಿದೆ. ಆ ತಮಾಷೆಯನ್ನು ಅಂದು ರಾತ್ರಿ ನನ್ನ ಡೈರಿಯಲ್ಲೂ ಬರೆದಿಟ್ಟೆ. ಈಗ ಆ ಪುಟ ಬಂದರೆ ಓದದೆ ಮಗುಚಿಬಿಡುತ್ತೇನೆ.

ನಮ್ಮ ಕಡೆ ಹತ್ತು ಮನೆಯವರು ಸೇರಿ ತಿಂಗಳ ಎರಡನೇ ಶನಿವಾರ ಸರದಿಯ ಮೇಲೆ ಭಜನೆ ಇಟ್ಟುಕೊಳ್ಳುತ್ತೇವೆ. ಜೂನ್ ಹದಿನಾಲ್ಕು ನಮ್ಮ ಮನೆಯ ಸರದಿ. ಗುಂಪಿನಲ್ಲಿ ನಾಯಿಗೆ ಹೆದರುವವರು ಬಹಳ, ಹಾಗಾಗಿ ಆ ದಿನ ಚೂಟಿಗೆ ಮೂರು ಓಟ. ಭಜನೆಯ ನಡುವೆ ಅದು ತನ್ನ ಮೂಲೆಯಿಂದ ಎದ್ದು, ಮೂವತ್ತು ಜನರ ಹಿಂದೆ ಗೋಡೆಗಂಟಿಕೊಂಡು, ಒಬ್ಬರ ಸೆರಗೂ ಸೋಕದಂತೆ ನೀರಿನ ಬಟ್ಟಲಿಗೆ ಹೋಗಿ ಬಂತು. ಹಾಡು ನಿಂತ ಮೇಲೆ ಎಲ್ಲರ ಬಾಯಲ್ಲೂ ಅದೇ ಮಾತು. ನಮ್ಮ ಗುಂಪಿನ ಹಿರಿಯರಾದ ಲೀಲಾವತಿ ಆಂಟಿ, “ಹೋದ ಜನ್ಮದಲ್ಲಿ ಇದು ಯಾವ ಮಠದಲ್ಲಿತ್ತೋ, ವಿಚಾರಿಸಮ್ಮ” ಎಂದರು. ಯಾರೋ ವಿಡಿಯೊ ಮಾಡಿ ಗುಂಪಿಗೆ ಹಾಕಿದರು. ಎಲ್ಲರೂ ನಕ್ಕರು.

ನಗದವರು ಒಬ್ಬರೇ. ಲೀಲಾವತಿ ಆಂಟಿಯ ಮನೆಗೆ ಜಾರ್ಜ್‌ಟೌನಿನಿಂದ ಅತಿಥಿಯಾಗಿ ಬಂದಿದ್ದ ಗಿಡ್ಡನೆಯ ಹೆಂಗಸು. ಅರವತ್ತು ದಾಟಿದ ವಯಸ್ಸು, ಇಳಕಲ್ ಸೀರೆ, ಕಾಲಿಗೆ ಬಿಳಿ ಸ್ನೀಕರ್ಸ್. ನಾನು ಅಡುಗೆಮನೆಯಲ್ಲಿ ಕೋಸಂಬರಿ ಹಂಚುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತರು.

“ನಿಮ್ಮ ನಾಯಿ ಎಷ್ಟು ದಿನದಿಂದ ಹಿಂಗ ಗ್ವಾಡಿ ಹಿಡದು ಅಡ್ಯಾಡ್ತದರಿ?”

ಎರಡು ವಾರವಾಯಿತು ಆಂಟಿ, ಈಗ ತುಂಬಾ ಜಾಣ ಆಗಿದೆ ಎಂದೆ. ಬಟ್ಟಲು ಎತ್ತಿಕೊಳ್ಳಲು ಚಾಚಿದ್ದ ಅವರ ಕೈ ಹಾಗೇ ನಿಂತಿತು.

“ಹಂಗನಬ್ಯಾಡ್ರಿ. ಜಾಣ ಅನಬ್ಯಾಡ್ರಿ ಅದಕ್ಕ” ಎಂದರು.

ಹೊರಡುವಾಗ ನಾನು ಕೊಟ್ಟ ತಾಂಬೂಲದ ಕವರನ್ನು ಬರಿದು ಮಾಡಿ, ಅದರ ಹಿಂದೆ ತಮ್ಮ ನಂಬರ್ ಬರೆದು ನನ್ನ ಕೈಗೇ ವಾಪಸು ಇಟ್ಟರು. ನನಗೆ ಸಿಟ್ಟು ಬಂದಿತ್ತು. ‘ಯಾರೋ ಧಾರವಾಡದ ಆಂಟಿ. ನಾಯಿಯನ್ನೂ ಹೊಗಳಬಾರದಂತೆ’ ಎಂದು ಅಂದಿನ ಪುಟದಲ್ಲಿದೆ. ಕವರನ್ನು ಮಾತ್ರ ಯಾಕೋ ಎಸೆಯಲಿಲ್ಲ, ಡೈರಿಯಲ್ಲಿ ಸಿಕ್ಕಿಸಿಟ್ಟೆ.

ಜುಲೈಯಲ್ಲಿ ಒಂದೊಂದೇ ಕಾಣತೊಡಗಿತು. ಚೂಟಿ ಕಣ್ಣು ಬಿಟ್ಟುಕೊಂಡೇ ಮಲಗುತ್ತಿತ್ತು. ಕುಕ್ಕರ್ ಕೂಗಿದರೆ ನಾಲ್ಕೂ ಕಾಲು ನೆಲದಿಂದ ಎದ್ದುಬಿಡುತ್ತಿದ್ದವು. ಬೆನ್ನಿನ ಮೇಲೆ ಕೈಯಿಟ್ಟರೆ ಚರ್ಮದ ಕೆಳಗೆ ಏನೋ ಸಣ್ಣಗೆ ಗುಂಯ್‌ಗುಡುತ್ತಿತ್ತು, ಓಡಿ ನಿಲ್ಲಿಸಿದ ಮೇಲೂ ನಿಲ್ಲದ ಮೋಟಾರಿನ ಹಾಗೆ. ಗ್ರಾಫಿನ ಗೆರೆ ಮೊದಲ ಬಾರಿಗೆ ಕೆಳಗಿಳಿಯಿತು, ನಿಶ್ಚಲ್ ಬೇಸರಪಟ್ಟುಕೊಂಡು ಹತ್ತು ನಿಮಿಷ ಹೆಚ್ಚಿಸಿದ. ಪಶುವೈದ್ಯರ ಹತ್ತಿರವೂ ಹೋದೆವು. ರಕ್ತದಲ್ಲಿ ಏನೂ ಸಿಗಲಿಲ್ಲ. ವ್ಯಾಯಾಮ ಮಾಡಿಸುತ್ತೀರಾ ಎಂದು ಆಕೆ ಕೇಳಿದಾಗ ನಿಶ್ಚಲ್ ಹೆಮ್ಮೆಯಿಂದ ಬೇಕಾದಷ್ಟು ಎಂದ. ಎಷ್ಟು ಎಂದು ಆಕೆ ಕೇಳಲಿಲ್ಲ, ನಾವು ಹೇಳಲೂ ಇಲ್ಲ.

ಸರಿಯಾಗಿ ಹೇಳಿದ್ದು ಇಂಚರಾ ಒಬ್ಬಳೇ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಒಂದು ಬೆಳಿಗ್ಗೆ ಚಪಾತಿ ಹಿಟ್ಟಿನ ಕೈಯಲ್ಲಿ ನನ್ನ ಕುರ್ತಾ ಎಳೆದು, “ಅಮ್ಮಾ, ಚೂಟಿ ಈಸ್ ಬ್ರೋಕನ್” ಎಂದಳು. ಹಾಗೆಲ್ಲ ಅನ್ನಬಾರದು ಪುಟ್ಟ, ಚೂಟಿ ಜಾಣ ಆಗಿದೆ ಅಷ್ಟೆ ಎಂದು ಅವಳ ಕೈ ತೊಳೆದೆ.

ಜುಲೈ ಹದಿನೆಂಟು, ಶುಕ್ರವಾರ, ಬೆಳಿಗ್ಗೆ ಒಂಬತ್ತೂವರೆ. ಅತ್ತೆ ಅಡುಗೆಮನೆಯಲ್ಲಿದ್ದರು, ನಾನು ಲ್ಯಾಪ್‌ಟಾಪ್ ತೆರೆಯುತ್ತಿದ್ದೆ. ಚೂಟಿ ಓಟ ಮುಗಿಸಿ ಸೋಫಾಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ನಿಂತಿತ್ತು. ಇಂಚರಾ ಅದನ್ನು ಸಮಾಧಾನ ಮಾಡಲು ಎರಡೂ ಕೈ ಚಾಚಿಕೊಂಡು ಸಂದಿಯೊಳಗೆ ಹೋದಳು. ಅದೇ ಗಳಿಗೆಗೆ ಕುಕ್ಕರ್ ಕೂಗಿತು. ಹಲ್ಲಿಗೆ ಹಲ್ಲು ಬಡಿದ ಸದ್ದು ಮಾತ್ರ ನನಗೆ ಕೇಳಿದ್ದು.

ಕಚ್ಚಿರಲಿಲ್ಲ. ಅವಳ ಕಿವಿಯ ಕೆಳಗೆ ಕೆನ್ನೆಯುದ್ದಕ್ಕೂ ಕೆಂಪಗೆ ಒಂದು ಗೆರೆ, ಅದರ ಮೇಲೆ ಜೊಲ್ಲು. ರಕ್ತ ಇಲ್ಲ. ಅವಳು ಅಳಲೂ ಇಲ್ಲ, ಬಿಟ್ಟ ಬಾಯಿ ಬಿಟ್ಟ ಹಾಗೆ ನಿಂತಿದ್ದಳು. ಚೂಟಿ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತು ನಡುಗುತ್ತಿತ್ತು. ಮಗಳನ್ನು ಎತ್ತಿಕೊಂಡು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡೆ. ಆ ಗೆರೆ ಕಣ್ಣಿನಿಂದ ಎಷ್ಟು ದೂರವಿದೆ ಎಂದು ಬೆರಳಿಟ್ಟು ಅಳೆದೆ. ನನ್ನ ಎರಡು ಬೆರಳಿನಷ್ಟು.

ಅತ್ತೆ ಮಡಿ ಮರೆತು ಬಾಗಿಲ ಹೊರಗೆ ನೆಲದ ಮೇಲೆ ಕುಳಿತಿದ್ದರು. ಸಂಜೆ ನಿಶ್ಚಲ್ ಬಂದು, ಗೆರೆಯನ್ನು ನೋಡಿ, ಸೋಮವಾರ ಆಶ್ರಯಕ್ಕೆ ವಾಪಸು ಕೊಟ್ಟು ಬರುತ್ತೇನೆ ಎಂದ. ಮಗುವಿನ ಮೇಲೆ ಎಗರಿದೆ ಎಂದು ಅಲ್ಲಿ ಬರೆದುಕೊಡಬೇಕು, ಸುಳ್ಳು ಹೇಳಲಾಗದು.

“ಹಾಗೆ ಬರೆದ ನಾಯಿಗೆ ಮತ್ತೆ ಮನೆ ಸಿಗಲ್ಲ ಕಣೋ. ಸಾಯಿಸೋ ಇಂಜೆಕ್ಷನ್ ಸಿಗುತ್ತೆ” ಎಂದೆ.

“ಗೊತ್ತು” ಎಂದ. “ಇಂಚರಾ ಕಣ್ಣು ಹೋಗಿದ್ರೆ?”

ಶನಿವಾರ ಬೆಳಿಗ್ಗೆ ತಾಂಬೂಲದ ಕವರು ಹುಡುಕಿ ಫೋನ್ ಮಾಡಿದೆ. ನಾನು ಯಾರೆಂದು ಹೇಳುತ್ತಿದ್ದಂತೆಯೇ ಸೀತಾಬಾಯಿ ಆಂಟಿ, ಕೂಸಿಗೆ ಏನಾದರೂ ಆಯಿತೇ ಎಂದು ಕೇಳಿದರು. ಎಲ್ಲ ಹೇಳಿದೆ. ಮೂರೇ ಪ್ರಶ್ನೆ ಕೇಳಿದರು: ದಿನಕ್ಕೆ ಒಟ್ಟು ಎಷ್ಟು ನಿಮಿಷ ಓಡಿಸುತ್ತಿದ್ದೀರಿ, ತಾನಾಗಿ ಮಷಿನ್ ಹತ್ತುತ್ತದೆಯೇ, ಮಗ್ಗುಲಾಗಿ ಮಲಗುತ್ತದೆಯೇ. ಕೊನೆಯದಕ್ಕೆ ಇಲ್ಲ ಎಂದಾಗ ಅತ್ತಲಿಂದ ಉಸಿರು ಬಿಟ್ಟ ಸದ್ದು ಬಂತು.

“ಆ ಮಷಿನ್ ವೈರ್ ಈಗಿಂದೀಗ ಕಿತ್ತು ಹಾಕ್ರಿ. ಕೂಸು ಒಂದು ಖೋಲಿಯೊಳಗ, ನಾಯಿ ಒಂದು ಖೋಲಿಯೊಳಗ. ನಾಳೆ ನಾಯಿ ತಗೊಂಡು ನೀವೊಬ್ಬರೇ ಬರ್ರಿ.”

ಭಾನುವಾರ ಹೊರಟೆ. ಇಂಚರಾಳನ್ನು ಅತ್ತೆಯ ಬಳಿ ಬಿಟ್ಟು, ಚೂಟಿಯನ್ನು ಹಿಂದಿನ ಸೀಟಿನ ಬೋನಿನಲ್ಲಿಟ್ಟು. ಮೂರು ಗಂಟೆಯೂ ಅದು ಕೂರಲಿಲ್ಲ. ಕನ್ನಡಿಯಲ್ಲಿ ನೋಡಿದಾಗಲೆಲ್ಲ ನಿಂತೇ ಇತ್ತು, ಕಾರು ಓಡುವಷ್ಟು ಹೊತ್ತೂ ಅದರ ಕಾಲುಗಳು ನಿಂತಲ್ಲೇ ಒಂದಾದ ಮೇಲೊಂದು ಏಳುತ್ತಿದ್ದವು. ವೇಕೊದಲ್ಲಿ ಪೆಟ್ರೋಲಿಗೆ ನಿಲ್ಲಿಸಿದೆ, ಕಾಲುಗಳು ನಿಂತವು. ಹೊರಟೆ, ಮತ್ತೆ ಶುರುವಾದವು. ಆಮೇಲೆ ನಾನು ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಬಿಟ್ಟೆ.

ಜಾರ್ಜ್‌ಟೌನಿನ ಅವರ ಮನೆ ಒಂದೇ ಅಂತಸ್ತಿನದು. ಅವರ ಯಜಮಾನರು ರಘುನಂದನ ಅಂಕಲ್ ಮುಂದೆ ಬದನೆ ಗಿಡಕ್ಕೆ ನೀರು ಬಿಡುತ್ತಿದ್ದರು, ಮಾತಿಲ್ಲದೆ ಬಾಗಿಲು ತೋರಿಸಿದರು. ಸೀತಾಬಾಯಿ ಆಂಟಿ ಒಂದು ಖಾಲಿ ಕೋಣೆ ತೆರೆದಿಟ್ಟಿದ್ದರು. ಕುರ್ಚಿ ಇಲ್ಲ, ಚಿತ್ರ ಇಲ್ಲ, ನಟ್ಟನಡುವೆ ಒಂದು ಬಟ್ಟಲು ಆಹಾರ. ಚೂಟಿಯನ್ನು ಒಳಗೆ ಬಿಟ್ಟು ನಾವು ಹೊಸ್ತಿಲ ಹೊರಗೆ ಕುಳಿತೆವು. ಅದು ಎಡಗಡೆ ಗೋಡೆ ಹಿಡಿದು ಒಂದು ಸುತ್ತು ಬಂತು. ಎರಡು. ಮೂರು. ಒಮ್ಮೆಯೂ ಬಟ್ಟಲಿನ ಕಡೆ ಹೋಗಲಿಲ್ಲ. ಆಂಟಿ ನಿಧಾನವಾಗಿ ಒಳಗೆ ಹೋಗಿ ಅದರ ಪಕ್ಕ ನೆಲದಲ್ಲಿ ಕುಳಿತು, ಬಹಳ ಹೊತ್ತಾದ ಮೇಲೆ ತೊಡೆಯ ಒಳಭಾಗದಲ್ಲಿ ಎರಡು ಬೆರಳಿಟ್ಟು, ಕೈ ತಿರುಗಿಸದೆ ಗಡಿಯಾರ ನೋಡುತ್ತಾ ನಾಡಿ ಎಣಿಸಿದರು.

“ನೂರಾ ಮೂವತ್ತೆರಡು” ಎಂದರು. “ನೂರರೊಳಗ ಇರಬೇಕು. ಮೂರು ತಾಸು ಸುಮ್ಮನ ನಿಂತು ಬಂದದ. ಆದ್ರ ಒಳಗ ಇನ್ನೂ ಓಡೇ ಓಡ್ಲಿಕತ್ತದ.”

ಅಂದು ಜೋಳದ ರೊಟ್ಟಿ, ಶೇಂಗಾ ಚಟ್ನಿ ಹಾಕಿಕೊಟ್ಟು, ನಾನು ತಿನ್ನುವಾಗ ಹ್ಯೂಸ್ಟನ್ ಕತೆ ಹೇಳಿದರು. ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಬಿ.ಎಸ್ಸಿ. ಮುಗಿಸಿ ಮದುವೆಯಾಗಿ ಬಂದವರಿಗೆ ಸಿಕ್ಕಿದ್ದು ಇಲಿಗಳನ್ನು ನೋಡಿಕೊಳ್ಳುವ ಕೆಲಸ. ಒಂದು ವರ್ಷ ಅಲ್ಲಿ ಅತಿಯಾದ ವ್ಯಾಯಾಮ ಮಿದುಳಿಗೂ ನರಗಳಿಗೂ ಏನು ಮಾಡುತ್ತದೆಂದು ನೋಡುತ್ತಿದ್ದರಂತೆ. ಇಲಿಗಳಿಗೆಂದೇ ಸಣ್ಣ ಟ್ರೆಡ್‌ಮಿಲ್. ದಿನಕ್ಕೆ ಮೊದಲು ಒಂದು ಓಟ, ಆಮೇಲೆ ಎರಡು, ಆಮೇಲೆ ಮೂರು. ಹಿಂದೆ ಬಿದ್ದರೆ ಅಲ್ಲಿರುವ ಸರಳು ಸಣ್ಣಗೆ ಕರೆಂಟ್ ಹೊಡೆಯುತ್ತದೆ. ಕೆಲವು ಇಲಿಗಳು ಕರೆಂಟ್ ಹೊಡೆದರೂ ಸರಿ ಎಂದು ಅಲ್ಲೇ ಕೂತುಬಿಡುತ್ತಿದ್ದವು. ಅವನ್ನು ತೆಗೆದು ಹೊರಗಿಡುತ್ತಿದ್ದರು. ಆಂಟಿಯ ಕೆಲಸ ಎತ್ತಿಡುವುದು, ಇಳಿಸುವುದು, ಮತ್ತು ಪ್ರತಿ ಇಲಿಯ ಹಾಳೆಯಲ್ಲಿ ಅಂದು ಅದು ಹೇಗಿದೆ ಎಂದು ಒಂದು ಮಾತು ಬರೆಯುವುದು.

ಹದಿನಾಲ್ಕನೇ ನಂಬರಿನ ಇಲಿ ಒಮ್ಮೆಯೂ ಹಿಂದೆ ಬೀಳಲಿಲ್ಲ. ಪಂಜರದ ಬಾಗಿಲು ತೆರೆದರೆ ತಾನೇ ಬೆಲ್ಟಿನ ಕಡೆ ಹೋಗುತ್ತಿತ್ತು. ಕೈಗೆ ಕಚ್ಚುತ್ತಿರಲಿಲ್ಲ, ರಗಳೆ ಇಲ್ಲ. ಆಂಟಿ ಅದಕ್ಕೆ ಜಾಣ ಎಂದು ಹೆಸರಿಟ್ಟಿದ್ದರು. ದಿನವೂ ಅದರ ಹಾಳೆಯಲ್ಲಿ ಆರಾಮಾಗಿದೆ ಎಂದೇ ಬರೆದರು. ಎಂಟನೇ ವಾರ ಇಲಿಗಳನ್ನು ಒಂದು ದೊಡ್ಡ ಬಿಳಿ ಪೆಟ್ಟಿಗೆಯಲ್ಲಿ ಬಿಟ್ಟು ನೋಡುವ ಪರೀಕ್ಷೆ. ಆರೋಗ್ಯವಾಗಿರುವ ಇಲಿ ಸ್ವಲ್ಪ ಹೊತ್ತಾದ ಮೇಲೆ ನಡುವೆ ಬಂದು ಮೂಸಿ ನೋಡುತ್ತದೆ. ಹೆದರಿದ ಇಲಿ ಗೋಡೆ ಬಿಡುವುದಿಲ್ಲ.

“ನನ್ನ ಜಾಣ ಗ್ವಾಡಿ ಬಿಡಲೇ ಇಲ್ಲ, ತಂಗಿ. ನಾ ಅದನ್ನ ನೋಡ್ಕೋತ, ಎಷ್ಟು ಶಿಸ್ತಿಲೆ ಹೋಗ್ತದ ನೋಡು ಅಂದಕೊಂಡೆ.”

ಕೊನೆಗೆ ಎಲ್ಲ ಇಲಿಗಳ ಮಿದುಳನ್ನೂ ತೆಗೆದು ನೋಡಿದರು. ನೆನಪು, ಹೆದರಿಕೆಗಳನ್ನು ನೋಡಿಕೊಳ್ಳುವ ಭಾಗದಲ್ಲಿ ಉರಿಯೂತ ಅತಿ ಹೆಚ್ಚಿದ್ದದ್ದು ಹದಿನಾಲ್ಕನೆಯದರಲ್ಲಿ. ಒಂದು ಇಲಿಯಿಂದ ಏನೂ ಸಿದ್ಧವಾಗುವುದಿಲ್ಲ ಎಂದು ಅಲ್ಲಿನ ಡಾಕ್ಟರು ಅಂದರಂತೆ. ಆದರೆ ಹಾಳೆಗಳನ್ನು ತಿರುವಿ, ನೀವು ಐವತ್ತಾರು ದಿನವೂ ಆರಾಮಾಗಿದೆ ಎಂದೇ ಬರೆದಿದ್ದೀರಲ್ಲ ಎಂದು ಕೇಳಿದರು. ಬೈಯಲಿಲ್ಲ, ಕೇಳಿದರು ಅಷ್ಟೆ. ಆಮೇಲೆಯೂ ಆಂಟಿ ಎಷ್ಟೋ ವರ್ಷ ಅಲ್ಲೇ ದುಡಿದರು, ಬೇರೆ ವಿಭಾಗದಲ್ಲಿ. ಯಾವ ಪ್ರಾಣಿಗೂ ಮತ್ತೆ ಹೆಸರಿಡಲಿಲ್ಲ. ಹೇಗಿದ್ದೀರಿ ಎಂದು ಯಾರಾದರೂ ಕೇಳಿದರೆ ಅವರು ಈಗಲೂ ಆರಾಮ ಎನ್ನುವುದಿಲ್ಲ, ಇದ್ದೀನಿ ಎನ್ನುತ್ತಾರೆ.

ಸೋಮವಾರದ ಗಡುವು ಹೀಗೆ ಹೋಯಿತು. ಚೂಟಿ ಜಾರ್ಜ್‌ಟೌನಿನಲ್ಲಿ ಉಳಿಯಿತು. ಅದು ಸುರಕ್ಷಿತವೆಂದು ಆಂಟಿ ಹೇಳಿದರೆ ಮಾತ್ರ ವಾಪಸು, ಇಲ್ಲವಾದರೆ ನಾನೇ ಹೋಗಿ ಆಶ್ರಯದ ಕಾಗದಕ್ಕೆ ಸಹಿ ಹಾಕುತ್ತೇನೆ ಎಂದು ನಿಶ್ಚಲ್‌ಗೆ ಮಾತು ಕೊಟ್ಟೆ.

ಅವರು ಮಾಡಿದ್ದೇನು ಎಂದರೆ, ಹೆಚ್ಚಿಗೇನೂ ಇಲ್ಲ. ಅವರ ಕಡೆಯ ಪಶುವೈದ್ಯರಿಗೆ ಎಲ್ಲ ನಿಮಿಷಗಳ ಲೆಕ್ಕವನ್ನೂ ಮುಚ್ಚಿಡದೆ ಒಪ್ಪಿಸಿದರು, ಕೊಟ್ಟ ಔಷಧಿ ಹಾಕಿದರು. ಕೋಣೆಗೆ ದಪ್ಪ ಪರದೆ. ಕುಕ್ಕರ್ ಬದಲು ಪಾತ್ರೆಯಲ್ಲಿ ಅನ್ನ. ಬಟ್ಟಲನ್ನು ಮೊದಲು ಗೋಡೆಯ ಬುಡದಲ್ಲಿಟ್ಟು, ಮೂರು ದಿನಕ್ಕೊಮ್ಮೆ ಒಂದು ಗೇಣು ನಡುವಿಗೆ ಸರಿಸುತ್ತಿದ್ದರು. ಉಳಿದ ಹೊತ್ತೆಲ್ಲ ಅದರ ಜೊತೆ ಸುಮ್ಮನೆ ಕೂರುವುದು. ದಿನಾ ನನಗೆ ಒಂದು ಸಂಖ್ಯೆ ಬರುತ್ತಿತ್ತು: 126. 128. 119. ಮಾತಿಲ್ಲ, ಚಿತ್ರವಿಲ್ಲ.

ಇತ್ತ ಮನೆಯಲ್ಲಿ ಇನ್ನೊಂದು ಹೆದರಿಕೆ ಕಾದಿತ್ತು. ಆಗಸ್ಟಿನ ಒಂದು ಬೆಳಿಗ್ಗೆ ಇಂಚರಾ ಹಾಲಿನ ನಡುವೆ ಕಾಲಿಡದೆ, ಗೋಡೆಗೆ ಕೈಯೂರಿಕೊಂಡು, ಸೋಫಾದ ಹಿಂದಿನಿಂದ ಸುತ್ತಿ ಅಡುಗೆಮನೆಗೆ ಬಂದಳು. ಮರುದಿನವೂ ಹಾಗೇ. ಫೋನಿನಲ್ಲಿ ಆಂಟಿಗೆ ಹೇಳಿದೆ.

“ಕೂಸಿಗೆ ಬಾಯಿ ಅದ” ಎಂದರು. “ನಾಯಿನ್ನ ಕೇಳಲಿಕ್ಕಾಗಲಿಲ್ಲ, ಇಕಿನ್ನ ಕೇಳು.”

ಕೇಳಿದೆ. “ಐ ಆಮ್ ಬೀಯಿಂಗ್ ಚೂಟಿ” ಎಂದಳು. ಚೂಟಿ ಇಲ್ಲವಲ್ಲ, ಅದಕ್ಕೆ ಅದರ ಕೆಲಸವನ್ನು ತಾನು ಮಾಡುತ್ತಿದ್ದಾಳಂತೆ. ಅವಳನ್ನು ತಬ್ಬಿಕೊಂಡು ಕುಳಿತೆ. ಅಂದು ಸಂಜೆ ಅತ್ತೆ, ಅವಳನ್ನು ಹಾಲಿನ ನಡುವೆ ಕೂರಿಸಿಕೊಂಡು ಊಟ ಮಾಡಿಸಿದರು. ನೆಲದ ಮೇಲೆ ಅನ್ನದ ಅಗುಳು ಬಿದ್ದರೂ ಏನೂ ಅನ್ನಲಿಲ್ಲ.

ಆಗಸ್ಟ್ ಹದಿನೇಳಕ್ಕೆ ನಾನೂ ನಿಶ್ಚಲ್ ಚೂಟಿಯನ್ನು ನೋಡಲು ಹೋದೆವು. ತೂಕ ಬಂದಿತ್ತು, ಕೂದಲು ಹೊಳೆಯುತ್ತಿತ್ತು. ನಿಶ್ಚಲ್ ಕರೆದಾಗ ಓಡಿ ಬಂತು, ಕೂರು ಎಂದರೆ ಕೂತಿತು, ಕೈ ಕೊಡು ಎಂದರೆ ಕೊಟ್ಟಿತು. ನಿಶ್ಚಲ್ ಕಣ್ಣಲ್ಲಿ ನೀರು. ಇವತ್ತೇ ಕರೆದುಕೊಂಡು ಹೋಗೋಣ ಎಂದು ನನ್ನ ಕಿವಿಯಲ್ಲಿ ಹೇಳಿದ. ಆಂಟಿ ನಮ್ಮಿಬ್ಬರಿಗೂ ಸನ್ನೆ ಮಾಡಿದರು: ಮಾತಾಡಬೇಡಿ, ಕರೆಯಬೇಡಿ, ಸುಮ್ಮನೆ ಕೂತಿರಿ. ಕೂತೆವು. ಐದು ನಿಮಿಷ ಚೂಟಿ ನಮ್ಮ ಮುಖ ನೋಡುತ್ತಾ ನಿಂತಿತು. ಯಾರೂ ಏನೂ ಹೇಳದಿದ್ದಾಗ ಮೆಲ್ಲಗೆ ಹಿಂದೆ ಸರಿದು, ಗೋಡೆ ಸೇರಿ, ಸುತ್ತತೊಡಗಿತು.

“ಆಂಟಿ, ಊಟ ಮಾಡುತ್ತೆ, ಹೇಳಿದ ಮಾತು ಕೇಳುತ್ತೆ. ಇನ್ನೇನಾಗಬೇಕು?” ಎಂದ ನಿಶ್ಚಲ್.

“ಹೇಳಿದ ಮಾತು ಕೇಳಧಂಗ ಆಗಬೇಕಪಾ” ಎಂದರು.

ಬರಿಗೈಯಲ್ಲಿ ಹಿಂದಿರುಗಿದೆವು. ವೇಕೊದಲ್ಲಿ ಪೆಟ್ರೋಲ್ ಹಾಕಿಸುವಾಗ ನಿಶ್ಚಲ್ ಫೋನ್ ತೆಗೆದು ಆ ಗ್ರಾಫನ್ನು ನೋಡಿದ. ಮೇ ತಿಂಗಳಿನಿಂದ ಜುಲೈವರೆಗೆ ಬೆರಳಲ್ಲಿ ಎಳೆದು ಪೂರ್ತಿ ನೋಡಿ, ಅಳಿಸಿದ. ನಾನು ನೋಡಿದ್ದು ಅವನಿಗೆ ಗೊತ್ತಿಲ್ಲ. ಮರುದಿನ ಟ್ರೆಡ್‌ಮಿಲ್ ಮನೆಯಲ್ಲಿರಲಿಲ್ಲ.

ಸೆಪ್ಟೆಂಬರಿನಲ್ಲಿ ಸಂಖ್ಯೆ ಇಳಿಯಿತು, ಒಂದು ವಾರ ಮತ್ತೆ ಏರಿತು. ಪಕ್ಕದ ಮನೆಯಲ್ಲಿ ಸೂರು ರಿಪೇರಿ, ಮೋಟಾರಿನ ಸದ್ದು. ಆಂಟಿ ಬಟ್ಟಲನ್ನು ಮತ್ತೆ ಗೋಡೆಯ ಬುಡಕ್ಕೆ ತಂದು, ಮೊದಲಿನಿಂದ ಶುರು ಮಾಡಿದರು. ಆ ವಾರ ನಾನು ಆಶ್ರಯದ ಕಾಗದವನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಂಡೆ. ಹೆದರಿಕೆಗೆ ಕೈಗೊಂದು ಕೆಲಸ ಬೇಕಿತ್ತು.

ಅಕ್ಟೋಬರ್ ಹನ್ನೊಂದಕ್ಕೆ ಬರ್ರಿ ಎಂದು ಮೆಸೇಜ್ ಬಂತು, ಅಷ್ಟೇ. ಯಾಕೆಂದು ಕೇಳುವ ಧೈರ್ಯವಾಗಲಿಲ್ಲ. ಕಾಗದವನ್ನೂ ಬ್ಯಾಗಿನಲ್ಲಿ ಹಾಕಿಕೊಂಡೇ ಹೋದೆ. ಕೋಣೆಯ ಬಾಗಿಲು ತೆರೆದರೆ ಚೂಟಿ ಕಾಣಲಿಲ್ಲ. ಅಭ್ಯಾಸಬಲದಿಂದ ನಾನು ಗೋಡೆಗಳನ್ನೇ ನೋಡಿದ್ದೆ. ಅದು ನಟ್ಟನಡುವೆ, ಮಗ್ಗುಲಾಗಿ, ಬಟ್ಟಲಿನ ಮೇಲೆ ಒಂದು ಕಾಲು ಹಾಕಿಕೊಂಡು ಮಲಗಿತ್ತು. ಬಾಯಿ ಅರ್ಧ ತೆರೆದಿತ್ತು. ಚೂಟೀ ಎಂದು ಕರೆದೆ. ಒಂದು ಕಣ್ಣು ಬಿಟ್ಟಿತು, ನನ್ನನ್ನು ನೋಡಿತು, ಬಾಲವನ್ನು ಒಮ್ಮೆ ನೆಲಕ್ಕೆ ಬಡಿದು ಮತ್ತೆ ಕಣ್ಣು ಮುಚ್ಚಿತು. ಬರಲಿಲ್ಲ.

“ಮೈಗಳ್ಳ ಆಗ್ಯದ ನೋಡು” ಎಂದರು ಸೀತಾಬಾಯಿ ಆಂಟಿ. ಅವರು ನಗುವುದನ್ನು ನಾನು ನೋಡಿದ್ದು ಅಂದೇ ಮೊದಲು. “ನಾಕು ದಿನ ಆತು, ಕರದ್ರ ಬರೂದಿಲ್ಲ.”

ನನ್ನ ಬೆರಳು ಹಿಡಿದು ಅದರ ತೊಡೆಯ ಒಳಗೆ ಇಟ್ಟು ಎಣಿಸುವುದನ್ನು ಕಲಿಸಿದರು. ಎಪ್ಪತ್ತೆಂಟು. ಮೂರು ಸಲ ಎಣಿಸಿದೆ. ಆಮೇಲೆ ಕೇಳಲೇಬೇಕಾದ್ದನ್ನು ಕೇಳಿದೆ.

“ಇನ್ನು ಇಂಚರಾಗೆ ಏನೂ ಮಾಡಲ್ಲ ಅಲ್ವಾ ಆಂಟಿ?”

ಅವರ ನಗು ಹೋಯಿತು. ಗಡಿಯಾರದ ಪಟ್ಟಿಯನ್ನು ಸರಿ ಮಾಡಿಕೊಂಡರು.

“ಒಯ್ಯಿ. ನನ್ನ ಕೈಲೆ ಆಗೂದು ಆಗ್ಯದ. ಆದ್ರ ಆ ಮಾತು ನಾ ಬರದು ಕೊಡಂಗಿಲ್ಲ ತಂಗಿ. ಒಮ್ಮೆ ಬರದೀನಿ.”

ಅವರು ಬೇಕಾದರೆ ಸಮಾಧಾನಕ್ಕೆ ಹೂಂ ಎಂದುಬಿಡಬಹುದಿತ್ತು. ಎಲ್ಲರೂ ಹಾಗೇ ಮಾಡುತ್ತಾರೆ. ಅವರು ಕೊಟ್ಟಿದ್ದು ನಿಬಂಧನೆಗಳನ್ನು: ನಾಯಿಗೂ ಕೂಸಿಗೂ ನಡುವೆ ಗೇಟು, ಮೂರು ತಿಂಗಳು ಕೂಸು ಒಬ್ಬಳೇ ಅದರ ಬಳಿ ಇರಬಾರದು, ಓಟ ಅದಕ್ಕೆ ಬೇಕೆನಿಸಿದಾಗ ಮಾತ್ರ, ದಿನಾ ಬೆಳಿಗ್ಗೆ ನಾಡಿಯ ಎಣಿಕೆ. ಎಲ್ಲವನ್ನೂ ನಿಶ್ಚಲ್‌ಗೆ ಫೋನಿನಲ್ಲಿ ಹೇಳಿದೆ, ಕರೆದುಕೊಂಡು ಬಾ ಎಂದ. ಹೊರಡುವಾಗ ರಘುನಂದನ ಅಂಕಲ್ ಒಂದು ಚೀಲ ಬದನೆಕಾಯಿ ಕೊಟ್ಟರು. ಆಂಟಿ ಕಾರಿನವರೆಗೂ ಬರಲಿಲ್ಲ. ಖಾಲಿ ಕೋಣೆಯ ಹೊಸ್ತಿಲಲ್ಲೇ ನಿಂತಿದ್ದರು. ದಾರಿಯುದ್ದಕ್ಕೂ ಚೂಟಿ ಮಲಗಿತ್ತು. ನಾನು ಮಾತ್ರ ಕನ್ನಡಿ ನೋಡುತ್ತಲೇ ಇದ್ದೆ.

ಮನೆಗೆ ಬಂದು ಹತ್ತು ದಿನವಾಯಿತು. ಅತ್ತೆ ಊರಿಗೆ ಹೊರಡಲು ಇನ್ನು ನಾಲ್ಕೇ ದಿನ. ಇವತ್ತು ಬೆಳಿಗ್ಗೆ ಅವರು ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಗಂಟು ಹಾಕಿ, ತಂಬಿಗೆ ಹಿಡಿದು ದೇವರ ಕೋಣೆಯಿಂದ ಹೊರಬಂದರು. ಚೂಟಿ ಹಾಲಿನ ನಟ್ಟನಡುವೆ ದಾರಿಗಡ್ಡವಾಗಿ ಕಾಲು ಚಾಚಿ ಮಲಗಿತ್ತು. ಏಳೋ ಎಂದರು. ಏಳಲಿಲ್ಲ. ಅತ್ತೆ ಸ್ವಲ್ಪ ಹೊತ್ತು ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗೋಡೆ ಹಿಡಿದುಕೊಂಡು, ಸೋಫಾದ ಹಿಂದಿನಿಂದ ಸುತ್ತಿ ಅಡುಗೆಮನೆಗೆ ಹೋದರು.

ಹಾಲಿಗೆ ಹಾಕಿದ ಗೇಟಿನ ಈಚೆ ಇಂಚರಾ ನನ್ನ ತೊಡೆಯ ಮೇಲಿದ್ದಳು. ಅವಳ ಕೆನ್ನೆಯ ಗೆರೆ ಮಾಸಿ ಎಷ್ಟೋ ದಿನವಾಗಿದೆ, ನನ್ನ ಬೆರಳು ಮಾತ್ರ ಅಲ್ಲಿಗೇ ಹೋಗುತ್ತದೆ. ಒಳಗೆ ಹೋಗಲಾ ಎಂದು ದಿನಾ ಕೇಳುತ್ತಾಳೆ. ಇವತ್ತೂ ಬೇಡ ಎಂದೆ. ಅವಳು ಕಾಲು ಬಡಿದು ಅತ್ತಳು, ರಚ್ಚೆ ಹಿಡಿದಳು. ಜಾಣೆ ಅಲ್ವಾ ಎನ್ನಲು ಹೊರಟ ಬಾಯಿಯನ್ನು ಮುಚ್ಚಿಕೊಂಡು, ಅವಳು ಅತ್ತು ಮುಗಿಸುವವರೆಗೆ ಕಾದೆ. ಆಮೇಲೆ ಅವಳನ್ನು ಈಚೆಯೇ ಕೂರಿಸಿ, ಗೇಟು ದಾಟಿ ಹೋಗಿ ಎಣಿಸಿದೆ. ಎಂಬತ್ತನಾಲ್ಕು. ನಿನ್ನೆಗಿಂತ ನಾಲ್ಕು ಹೆಚ್ಚು. ಮತ್ತೆ ಎಣಿಸಿದೆ, ಎಂಬತ್ತೆರಡು. ಎರಡನ್ನೂ ಸೀತಾಬಾಯಿ ಆಂಟಿಗೆ ಕಳಿಸಿದೆ.

ಅವರ ಉತ್ತರ ದಿನಾ ಒಂದೇ. ಇವತ್ತೂ ಅದೇ ಬಂತು.

“ನೋಡಿದೆ. ನಾಳೆ ಮತ್ತ ಎಣಿಸು.”